ಕೂತ ದೋಣಿಯನ್ನೇ ತಿನ್ನುವ ಪ್ರಯಾಣಿಕರು

ಉತ್ತರ ಸಮುದ್ರದಲ್ಲಿ ಜರ್ಮನಿಗೆ ಸೇರಿದ ಹೆಲ್ಗೊಲ್ಯಾಂಡ್ ಅನ್ನುವ ಪುಟ್ಟ ದ್ವೀಪವಿದೆ. ಅದರ ಸುತ್ತ ಕಡಲಪಾಚಿಯ ಕಂತೆಗಳು ತೇಲುತ್ತಿರುತ್ತವೆ. ಬಂಡೆಗೆ ಅಂಟಿ ಬೆಳೆದ ಪಾಚಿ ಅಲೆಯ ಹೊಡೆತಕ್ಕೆ ಕಿತ್ತುಬರುತ್ತದೆ. ಕೆಲವು ಜಾತಿಗಳ ಮೈಯಲ್ಲಿ ಗಾಳಿ ತುಂಬಿದ ಗುಳ್ಳೆಗಳಿರುವುದರಿಂದ ಅವು ಮುಳುಗುವುದಿಲ್ಲ.

ಈ ಕಂತೆಗಳಲ್ಲಿ ಇಡೋಟಿಯಾ ಎಂಬ ಜೀವಿಗಳು ಸಿಗುತ್ತವೆ. ಸಿಗಡಿ, ಏಡಿಗಳ ದೂರದ ನೆಂಟರು ಇವು. ಹೂಕುಂಡ ಎತ್ತಿದಾಗ ಅಡಿಯಲ್ಲಿ ಕಾಣುವ ಬೂದು ಬಣ್ಣದ ಹುಳಗಳಿಗೆ ಇನ್ನೂ ಹತ್ತಿರದ ಸಂಬಂಧಿಗಳು. ಎರಡು ಮೂರು ಸೆಂಟಿಮೀಟರ್ ಉದ್ದ, ಚಪ್ಪಟೆ ಮೈ, 7 ಜೊತೆ ಕಾಲು, ಕಾಲಿನ ತುದಿಯಲ್ಲಿ ಕೊಕ್ಕೆ. ಬೆಳೆಯುವಾಗ ಹೊರಚಿಪ್ಪನ್ನು ಒಟ್ಟಿಗೆ ಕಳಚುವುದಿಲ್ಲ. ಮೊದಲು ಹಿಂದಿನ ಅರ್ಧ, ಆಮೇಲೆ ಮುಂದಿನ ಅರ್ಧ!

ಏಡಿಯ ಮರಿಗಳು ಮೊಟ್ಟೆಯೊಡೆದ ಮೇಲೆ ನೀರಿನಲ್ಲಿ ಎಲ್ಲೆಲ್ಲೋ ತೇಲಿಹೋಗುತ್ತವೆ. ಇಡೋಟಿಯಾ ತಾಯಿ ಮಾತ್ರ ಮೊಟ್ಟೆಗಳನ್ನು ಹೊಟ್ಟೆಯಡಿಯ ಚೀಲದಲ್ಲೇ ಇಟ್ಟುಕೊಳ್ಳುತ್ತದೆ. ಮರಿಗಳು ಹೊರಬರುವಾಗಲೇ ದೊಡ್ಡವರ ರೂಪದಲ್ಲಿರುತ್ತವೆ, ಬಂದವೇ ಅದೇ ಪಾಚಿಯನ್ನು ಹಿಡಿದುಕೊಳ್ಳುತ್ತವೆ. ಒಂದು ಬಸುರಿ ಹತ್ತಿದರೂ ಸಾಕು, ಕಂತೆಯ ಮೇಲೆ ಸಂಸಾರ ಶುರು.

ತೊಂದರೆ ಏನಂದ್ರೆ, ಊಟವೂ ಅದೇ ಪಾಚಿ. ಇಡೋಟಿಯಾ ಬಾಲ್ಥಿಕಾ ಎಂಬ ಜಾತಿಯದ್ದು ಕೂತ ಕೊಂಬೆಯನ್ನೇ ಕಡಿಯುವ ಜಾಯಮಾನ. ಅದು ಸಿಕ್ಕಾಪಟ್ಟೆ ತಿನ್ನುತ್ತದೆ, ಜಾಸ್ತಿ ಮರಿ ಹಾಕುತ್ತದೆ. ಕಂತೆ ಚೂರುಚೂರಾಗಿ ಮುಳುಗುತ್ತದೆ. ಅದರ ದಾಯಾದಿ ಇಡೋಟಿಯಾ ಮೆಟಾಲಿಕಾ ತಿನ್ನುವುದೂ ಕಡಿಮೆ, ಮರಿಗಳೂ ಕಡಿಮೆ. ನೀರಿನಲ್ಲಿ ತೇಲಿಬರುವ ಸಣ್ಣ ಪ್ರಾಣಿಗಳೂ ಅದಕ್ಕೆ ಆಹಾರ. ಹಾಗಾಗಿ ಪಾಚಿಯೇ ಇಲ್ಲದ ಮರದ ತುಂಡು, ಪ್ಲಾಸ್ಟಿಕ್ ಮೇಲೂ ಬದುಕುತ್ತದೆ. ತೇಲುವ ವಸ್ತು ಬಿಟ್ಟರೆ ಅದಕ್ಕೆ ಬೇರೆ ಮನೆಯಿಲ್ಲ, ಅಲ್ವಾ? ಉಳಿಸಿಕೊಂಡು ತಿನ್ನಲೇಬೇಕು. ಆದರೂ ಉತ್ತರ ಸಮುದ್ರದ ಚಳಿಯನ್ನು ಅದು ತಡೆದುಕೊಳ್ಳಲಾರದು. ಪ್ರತಿ ಬೇಸಿಗೆಯಲ್ಲೂ ಹೊಸ ತಂಡ ದಕ್ಷಿಣದಿಂದ ತೇಲಿಬರಬೇಕು.

ಹಾಗಂತ ಬಾಲ್ಥಿಕಾ ದಡ್ಡ ಅನ್ನುವಂತಿಲ್ಲ. ಅದರ ನಿಜವಾದ ಮನೆ ದಡದ ಪಾಚಿ. ಅಲ್ಲಿ ಒಂದು ಗಿಡ ಮುಗಿದರೆ ಪಕ್ಕದಲ್ಲಿ ಇನ್ನೊಂದಿದೆ, ಉಳಿತಾಯ ಯಾಕೆ? ಅಲ್ಲಿ ಅದು ಉಪಕಾರಿಯೂ ಹೌದು. ಗ್ರಾಸಿಲೇರಿಯಾ ಎಂಬ ಕೆಂಪು ಪಾಚಿಯ ಗಂಡು ಕಣಗಳಿಗೆ ಈಜಲು ಬಾರದು. ಅವು ಬಾಲ್ಥಿಕಾದ ಮೈಗೆ ಅಂಟಿಕೊಂಡು ಹೆಣ್ಣು ಗಿಡಗಳನ್ನು ತಲುಪುತ್ತವೆ ಎಂದು ಫ್ರಾನ್ಸಿನ ರಾಸ್ಕಾಫ್‌ನ ಸಂಶೋಧಕರು 2022ರಲ್ಲಿ ತೋರಿಸಿದರು. ಹೂವಿಲ್ಲದ ಪಾಚಿಗೆ ಇದೇ ಜೇನುಹುಳು.