ಭಾನುವಾರ ನಾಲ್ಕಕ್ಕೇ ಬಾಗಿಲು ಹಾಕೋದು ಯಾಕೆ?

ನಮ್ಮೂರಿಂದ ಲಂಡನ್ನಿಗೋ ಮ್ಯಾಂಚೆಸ್ಟರಿಗೋ ಹೊಸದಾಗಿ ಬಂದವರು ಭಾನುವಾರ ಸಂಜೆ ದಿನಸಿ ತರಲು ಹೋಗಿ ಬರಿಗೈಲಿ ವಾಪಸ್ ಬರುವುದುಂಟು. ದೊಡ್ಡ ಸೂಪರ್‌ಮಾರ್ಕೆಟ್ ನಾಲ್ಕಕ್ಕೇ ಮುಚ್ಚಿರುತ್ತದೆ. ಪಕ್ಕದ ಸಣ್ಣ ಅಂಗಡಿ ಮಾತ್ರ ರಾತ್ರಿವರೆಗೂ ತೆರೆದಿರುತ್ತದೆ. ಇದಕ್ಕೆ ಕಾರಣ 1994ರ ಸಂಡೇ ಟ್ರೇಡಿಂಗ್ ಕಾಯ್ದೆ. ಇದು ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಅನ್ವಯಿಸುತ್ತದೆ, ಸ್ಕಾಟ್ಲೆಂಡ್‌ನಲ್ಲಿ ಈ ಕಟ್ಟುಪಾಡಿಲ್ಲ.

ಅಂಗಡಿ 280 ಚದರ ಮೀಟರ್ (ಸುಮಾರು 3,000 ಚದರ ಅಡಿ) ದಾಟಿದರೆ ಕಾನೂನಿನ ಪ್ರಕಾರ ದೊಡ್ಡದು. ಅಂಥದ್ದು ಭಾನುವಾರ ಬೆಳಿಗ್ಗೆ 10ರಿಂದ ಸಂಜೆ 6ರ ಒಳಗೆ ಸತತವಾಗಿ ಆರು ಗಂಟೆ ಮಾತ್ರ ವ್ಯಾಪಾರ ಮಾಡಬಹುದು. ಈಸ್ಟರ್ ಭಾನುವಾರ ಪೂರ್ತಿ ಬಂದ್. ರೈಲ್ವೆ ಸ್ಟೇಷನ್, ವಿಮಾನ ನಿಲ್ದಾಣ, ಪೆಟ್ರೋಲ್ ಬಂಕ್‌ಗಳ ಅಂಗಡಿಗಳಿಗೆ ವಿನಾಯಿತಿ ಇದೆ.

ಅಂಗಡಿ ಹಾಕಲು ಹೊರಟವರು ನನ್ನನ್ನು ಹೆಚ್ಚಾಗಿ ಕೇಳುವುದು ಅಳತೆಯ ಬಗ್ಗೆ. ಗೋಡೌನು, ಆಫೀಸ್ ಕೋಣೆ ಲೆಕ್ಕಕ್ಕೆ ಬರುವುದಿಲ್ಲ. ಸಾಮಾನು ಜೋಡಿಸಿಟ್ಟ ಜಾಗ, ಗಿರಾಕಿಗಳಿಗೆ ಸಾಮಾನು ಕೊಡುವ ಜಾಗ ಬರುತ್ತದೆ. "ಸರಿ ಬಿಡಿ ಸಾರ್, ಭಾನುವಾರ ಹಿಂದಿನ ಎರಡು ಸಾಲಿಗೆ ಹಗ್ಗ ಕಟ್ಟಿಬಿಡ್ತೀನಿ" ಅನ್ನುತ್ತಾರೆ. ಅದು ನಡೆಯುವುದಿಲ್ಲ. ಆ ಭಾನುವಾರಕ್ಕೆ ಮುಗಿಯುವ ಇಡೀ ವಾರ ಆ ಜಾಗದಲ್ಲಿ ವ್ಯಾಪಾರವೂ ಇರಬಾರದು, ಸಾಮಾನೂ ಕಾಣುವಂತೆ ಇಟ್ಟಿರಬಾರದು. ಹಾಗಿದ್ದರೆ ಮಾತ್ರ ಅದನ್ನು ಕಳೆಯಬಹುದು. ಬಾಡಿಗೆ ಕರಾರಿಗೆ ಸಹಿ ಹಾಕುವ ಮುಂಚೆಯೇ ಟೇಪ್ ಹಿಡಿದು ಅಳೆಸಿ.

ಈ ಮಿತಿ ತೆಗೆಯಬೇಕೆಂಬ ಒತ್ತಡ ಆಗಾಗ ಬರುತ್ತದೆ. 2012ರ ಒಲಿಂಪಿಕ್ಸ್ ಸಮಯದಲ್ಲಿ ಎಂಟು ಭಾನುವಾರ ಸಡಿಲಿಸಿದ್ದರು. ಸಮಯ ನಿಗದಿ ಮಾಡುವ ಅಧಿಕಾರವನ್ನು ಸ್ಥಳೀಯ ಕೌನ್ಸಿಲ್‌ಗಳಿಗೆ ಕೊಡಲು 2016ರ ಮಾರ್ಚ್‌ನಲ್ಲಿ ಸರ್ಕಾರ ಹೊರಟಾಗ, ಸಂಸತ್ತು 317-286 ಮತಗಳಿಂದ ತಡೆಯಿತು. ತಡೆದಿದ್ದು ಒಳ್ಳೆಯದೇ ಆಯಿತು ಎಂದು ನನ್ನ ಅಭಿಪ್ರಾಯ. ವಾರದಲ್ಲಿ ಒಂದು ಸಂಜೆಯಾದರೂ ಅಂಗಡಿ ಕೆಲಸದವರು ಹೊತ್ತಿಗೆ ಸರಿಯಾಗಿ ಮನೆ ಸೇರಲಿ, ಅಲ್ವಾ?

ಆ ಕೆಲಸದವರಿಗೆ ಇನ್ನೊಂದು ಹಕ್ಕೂ ಇದೆ. ತುಂಬ ಜನಕ್ಕೆ ಅದು ಗೊತ್ತೇ ಇಲ್ಲ ಅನ್ನೋದು ನನಗೆ ಬೇಜಾರು. ಅಂಗಡಿ ನೌಕರರು ಭಾನುವಾರ ಕೆಲಸ ಮಾಡುವುದಿಲ್ಲ ಎಂದು ಬರೆದು ಕೊಡಬಹುದು. ಅದಕ್ಕಾಗಿ ಕೆಲಸದಿಂದ ತೆಗೆಯುವಂತಿಲ್ಲ. ಭಾನುವಾರಕ್ಕೆಂದೇ ಸೇರಿದವರಿಗೆ ಮಾತ್ರ ಇದು ಸಿಗದು. ಬಿಟ್ಟ ಗಂಟೆಗಳಿಗೆ ಬದಲಾಗಿ ಬೇರೆ ದಿನ ಕೆಲಸ ಕೊಡಲೇಬೇಕೆಂದೇನೂ ಇಲ್ಲ, ಸಂಬಳ ಅಷ್ಟು ಕಡಿಮೆಯಾಗಬಹುದು. ಭಾನುವಾರಕ್ಕೆ ಡಬಲ್ ಕೂಲಿ ಕೊಡಬೇಕೆಂದೂ ಕಾನೂನಿನಲ್ಲಿಲ್ಲ.

ಪತ್ರದಲ್ಲಿ ತಾರೀಖು, ಸಹಿ ಇರಲಿ. ಒಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಕೊಟ್ಟ ದಿನದಿಂದ ಮೂರು ತಿಂಗಳು ಕಳೆದ ಮೇಲೆ ಜಾರಿಗೆ ಬರುತ್ತದೆ. ಅಲ್ಲಿವರೆಗೆ ಕರೆದರೆ ಭಾನುವಾರವೂ ಹೋಗಬೇಕು. ಆದರೆ ಈ ಹಕ್ಕಿನ ಬಗ್ಗೆ ಮಾಲೀಕರು ನಿಮಗೆ ಕೆಲಸಕ್ಕೆ ಸೇರಿದ ಎರಡು ತಿಂಗಳೊಳಗೆ ಲಿಖಿತವಾಗಿ ತಿಳಿಸಿರಬೇಕಿತ್ತು. ತಿಳಿಸಿಲ್ಲ ಅಂದರೆ ಮೂರು ತಿಂಗಳು ಕಾಯಬೇಕಿಲ್ಲ, ಒಂದೇ ತಿಂಗಳು ಸಾಕು. ಕೆಲಸಕ್ಕೆ ಸೇರುವಾಗ ಕೊಟ್ಟ ಕಾಗದಗಳನ್ನು ಮೊದಲು ಹುಡುಕಿ ನೋಡಿ.