ಕಾರ್ಬ್ ಬಿಟ್ಟ ಜಾಗಕ್ಕೆ ಏನು ಬಂತು?

ತೂಕ ಇಳಿಸಬೇಕು ಅಂತ ಬರುವವರಲ್ಲಿ ಹೆಚ್ಚಿನವರು ನನ್ನ ಮುಂದೆ ಕೂರುವ ಹೊತ್ತಿಗೆ ಒಂದು ಸಲವಾದರೂ ಕಾರ್ಬ್ (ಕಾರ್ಬೋಹೈಡ್ರೇಟ್, ಅಂದರೆ ಅನ್ನ, ಗೋಧಿ, ಸಿಹಿತಿಂಡಿಯಂಥವುಗಳಲ್ಲಿರುವ ಪಿಷ್ಟ ಮತ್ತು ಸಕ್ಕರೆ) ಬಿಟ್ಟು ನೋಡಿರುತ್ತಾರೆ. ಕೆಲವರು ಎರಡು ವಾರ, ಕೆಲವರು ಮೂರು ತಿಂಗಳು. ಇನ್ನು ಕೆಲವರು ಬಿಡುವ ಮುಂಚೆ ಒಂದು ಮಾತು ಕೇಳಿ ಹೋಗೋಣ ಅಂತ ಬರುತ್ತಾರೆ. ಪ್ರಶ್ನೆ ಮಾತ್ರ ಎಲ್ಲರದ್ದೂ ಒಂದೇ: "ತೂಕ ಇಳಿಯಬೇಕು ಅಂದ್ರೆ ಕಾರ್ಬ್ ಕಡಿಮೆ ಮಾಡಲೇಬೇಕಾ, ಮೇಡಂ?"

ಮಾಡಲೇಬೇಕು ಅಂತೇನಿಲ್ಲ. ಮಾಡಿದರೆ ಅನುಕೂಲ ಆಗುವ ಜನ ಇದ್ದಾರೆ, ಅವರು ಕಡಿಮೆಯೇನೂ ಇಲ್ಲ. ಆದರೆ ಮೈಯ ಕೊಬ್ಬು ಕರಗಬೇಕಾದರೆ ಒಟ್ಟು ತಿನ್ನುವ ಕ್ಯಾಲರಿ ಇಳಿಯಬೇಕು. ಕಾರ್ಬ್ ಕಡಿಮೆ ಮಾಡುವುದು ಅದಕ್ಕಿರುವ ದಾರಿಗಳಲ್ಲಿ ಒಂದು. ಅದಕ್ಕೇ ನಾನು ಏನು ಬಿಟ್ಟಿರಿ ಅಂತ ಕೇಳಿದ ಮೇಲೆ, ಬಿಟ್ಟ ಜಾಗಕ್ಕೆ ಏನು ಬಂತು ಅಂತಲೂ ಕೇಳುತ್ತೇನೆ. ವಿಷಯ ಇರುವುದು ಹೆಚ್ಚಿನ ಸಲ ಈ ಎರಡನೇ ಉತ್ತರದಲ್ಲಿ.

ಮೊದಲ ವಾರದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಜನ ಮೋಸ ಹೋಗುವುದು ಇಲ್ಲೇ. ತಿಂದ ಕಾರ್ಬಿನಲ್ಲಿ ಒಂದು ಪಾಲನ್ನು ದೇಹ ಗ್ಲೈಕೋಜನ್ ಮಾಡಿ ಕೂಡಿಡುತ್ತದೆ. ಲಿವರಿನಲ್ಲಿ ಸುಮಾರು 100 ಗ್ರಾಂ, ಸ್ನಾಯುಗಳಲ್ಲಿ ಸುಮಾರು 400 ಗ್ರಾಂ. ಪ್ರತಿ ಗ್ರಾಂ ಗ್ಲೈಕೋಜನ್ ಜೊತೆ ಸುಮಾರು 3 ಗ್ರಾಂ ನೀರೂ ಸೇರಿಕೊಂಡಿರುತ್ತದೆ. ಕಾರ್ಬ್ ನಿಲ್ಲಿಸಿದ ಕೆಲವೇ ದಿನಗಳಲ್ಲಿ ಈ ದಾಸ್ತಾನು ಬಹಳಷ್ಟು ಖಾಲಿಯಾಗುತ್ತದೆ, ಅದರ ಜೊತೆಗಿದ್ದ ನೀರೂ ಹೋಗುತ್ತದೆ. ಕಾರ್ಬ್ ಕಡಿಮೆಯಾದಾಗ ಇನ್ಸುಲಿನ್ (ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಹಾರ್ಮೋನ್) ಮಟ್ಟವೂ ಇಳಿಯುತ್ತದೆ, ಆಗ ಕಿಡ್ನಿ ಉಪ್ಪನ್ನು ಜಾಸ್ತಿ ಹೊರಗೆ ಹಾಕುತ್ತದೆ, ಅದರ ಹಿಂದೆ ಇನ್ನಷ್ಟು ನೀರು. ತೂಕದ ಯಂತ್ರ ಒಂದೂವರೆ ಎರಡು ಕಿಲೋ ಕಡಿಮೆ ತೋರಿಸುತ್ತದೆ. ಮನೆಯವರೆಲ್ಲ ಖುಷಿ.

ಲೆಕ್ಕ ಹಾಕಿ ನೋಡಿ. ಒಂದು ಕಿಲೋ ಮೈಕೊಬ್ಬಿನಲ್ಲಿ ಸುಮಾರು 7700 ಕ್ಯಾಲರಿ ಇರುತ್ತದೆ. ದಿನಕ್ಕೆ 500 ಕ್ಯಾಲರಿ ಕಡಿಮೆ ತಿಂದರೆ ವಾರಕ್ಕೆ 3500. ಅಂದರೆ ನಿಜವಾಗಿ ಕರಗಿದ ಕೊಬ್ಬು ಅರ್ಧ ಕಿಲೋಗಿಂತ ಕಡಿಮೆ. ಉಳಿದದ್ದೆಲ್ಲ ಹೆಚ್ಚುಕಡಿಮೆ ನೀರು. ಆಮೇಲೆ ಯಾವತ್ತೋ ಒಂದು ದಿನ ಹೊಟ್ಟೆ ತುಂಬ ಕಾರ್ಬ್ ತಿಂದರೆ ಗ್ಲೈಕೋಜನ್ ಮತ್ತೆ ತುಂಬಿಕೊಳ್ಳುತ್ತದೆ, ಮಾರನೇ ದಿನ ಯಂತ್ರದಲ್ಲಿ ಒಂದು ಕಿಲೋ ವಾಪಸ್. "ಒಂದೇ ಊಟಕ್ಕೆ ಎಲ್ಲಾ ಹಾಳಾಯ್ತು" ಅಂತ ಎಷ್ಟೋ ಜನ ಅಲ್ಲಿಗೇ ಕೈಬಿಡುತ್ತಾರೆ. ಹಾಳಾಗಿರುವುದಿಲ್ಲ. ಹೋಗಿದ್ದ ನೀರು ಬಂದಿರುತ್ತದೆ, ಅಷ್ಟೇ. ಮೊದಲ ವಾರ ತಲೆನೋವು, ಸುಸ್ತು, ಎದ್ದು ನಿಂತರೆ ತಲೆ ತಿರುಗುವುದು ಕಾಣಿಸಿಕೊಂಡರೆ ಅದಕ್ಕೂ ಹೆಚ್ಚಾಗಿ ಈ ನೀರು ಮತ್ತು ಉಪ್ಪಿನ ನಷ್ಟವೇ ಕಾರಣ.

ಇನ್ನು ಇನ್ಸುಲಿನ್ ವಾದ. ಕಾರ್ಬ್ ತಿಂದರೆ ಇನ್ಸುಲಿನ್ ಏರುತ್ತದೆ, ಇನ್ಸುಲಿನ್ ಕೊಬ್ಬಿನ ಕೋಶಗಳಿಗೆ ಬೀಗ ಹಾಕುತ್ತದೆ, ಆ ಬೀಗ ತೆಗೆಯದೆ ಎಷ್ಟು ಕಡಿಮೆ ತಿಂದರೂ ಕೊಬ್ಬು ಕರಗುವುದಿಲ್ಲ ಅಂತ ಹೇಳುತ್ತಾರೆ. ಇದರಲ್ಲಿ ಮೊದಲರ್ಧ ನಿಜ. ಇನ್ಸುಲಿನ್ ಜಾಸ್ತಿ ಇದ್ದಾಗ ಕೊಬ್ಬು ಕೋಶದಿಂದ ಹೊರಬರುವುದು ನಿಧಾನ ಆಗುತ್ತದೆ. ಆದರೆ ದಿನದ ಇಪ್ಪತ್ನಾಲ್ಕು ಗಂಟೆಯ ಲೆಕ್ಕ ತೆಗೆದಾಗ ಚಿತ್ರ ಬೇರೆಯೇ ಬರುತ್ತದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಅವರ ತಂಡ ಸ್ಥೂಲಕಾಯದ 19 ಜನರನ್ನು ಸಂಶೋಧನಾ ವಾರ್ಡಿನಲ್ಲೇ ಇರಿಸಿಕೊಂಡು, ತಿನ್ನುವ ಪ್ರತಿ ತುತ್ತನ್ನೂ ಅಳೆದು ಕೊಟ್ಟಿತು. 2015ರಲ್ಲಿ ಫಲಿತಾಂಶ ಪ್ರಕಟವಾಯಿತು. ಒಂದು ಸಲ ಕಾರ್ಬಿನಿಂದ, ಇನ್ನೊಂದು ಸಲ ಕೊಬ್ಬಿನಿಂದ, ಅಷ್ಟಷ್ಟೇ ಕ್ಯಾಲರಿ ಕಡಿತ, ಆರಾರು ದಿನ. ಕಾರ್ಬ್ ಕಡಿಮೆ ಮಾಡಿದಾಗ ಇನ್ಸುಲಿನ್ ಇಳಿಯಿತು. ಆಗ ದಿನಕ್ಕೆ ಸುಮಾರು 53 ಗ್ರಾಂ ಮೈಕೊಬ್ಬು ಹೋಯಿತು. ಊಟದ ಕೊಬ್ಬು ಕಡಿಮೆ ಮಾಡಿದಾಗ ಸುಮಾರು 89 ಗ್ರಾಂ ಹೋಯಿತು. ಆರು ದಿನದ ಈ ಪ್ರಯೋಗದಿಂದ "ಹಾಗಾದ್ರೆ ಎಲ್ಲರೂ ಎಣ್ಣೆ ಬಿಡಿ" ಅಂತ ಹೇಳಲು ಬರುವುದಿಲ್ಲ. ಇನ್ಸುಲಿನ್ ಬೀಗ ಹಾಕಿ ಕೂತಿರುತ್ತದೆ ಅನ್ನುವ ಮಾತು ಮಾತ್ರ ಇದರ ಮುಂದೆ ನಿಲ್ಲುವುದಿಲ್ಲ.

ವಾರ್ಡಿನ ಹೊರಗೆ, ಮನೆಯಲ್ಲೇ ಇದ್ದು ತಿಂದುಂಡು ಇದ್ದವರ ಮೇಲೂ ಪ್ರಯೋಗ ಆಗಿದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ರಿಸ್ಟೋಫರ್ ಗಾರ್ಡ್ನರ್ ಅವರ ತಂಡ 609 ಜನರನ್ನು ಒಂದು ವರ್ಷ ನೋಡಿಕೊಂಡಿತು. ಅರ್ಧದಷ್ಟು ಜನರಿಗೆ ಕಡಿಮೆ ಕಾರ್ಬ್, ಇನ್ನರ್ಧಕ್ಕೆ ಕಡಿಮೆ ಕೊಬ್ಬು. 2018ರಲ್ಲಿ ಬಂದ ಉತ್ತರ: ಕಡಿಮೆ ಕಾರ್ಬಿನವರು ಸರಾಸರಿ 6 ಕಿಲೋ ಇಳಿದಿದ್ದರು, ಕಡಿಮೆ ಕೊಬ್ಬಿನವರು 5.3 ಕಿಲೋ. ಲೆಕ್ಕಕ್ಕೆ ಹಿಡಿಯುವಷ್ಟು ವ್ಯತ್ಯಾಸ ಇಲ್ಲ. ಯಾರಿಗೆ ಯಾವ ಡಯಟ್ ಒಗ್ಗುತ್ತದೆ ಅಂತ ಜೀನ್ ನೋಡಿ ಹೇಳಬಹುದಾ, ಇನ್ಸುಲಿನ್ ಸ್ರವಿಸುವ ಪ್ರಮಾಣ ನೋಡಿ ಹೇಳಬಹುದಾ ಅಂತಲೂ ಪರೀಕ್ಷಿಸಿದರು. ಎರಡರಿಂದಲೂ ಆಗಲಿಲ್ಲ. ಜೀನ್ ಟೆಸ್ಟ್ ಮಾಡಿಸಿ ನಿಮಗೆ ತಕ್ಕ ಡಯಟ್ ಕೊಡುತ್ತೇವೆ ಅನ್ನುವ ಜಾಹೀರಾತು ನೋಡಿದಾಗ ಇದು ನೆನಪಿರಲಿ.

ಆ ಪ್ರಯೋಗದಲ್ಲಿ ನನಗೆ ಸರಾಸರಿಗಿಂತ ಮುಖ್ಯ ಅನ್ನಿಸಿದ್ದು ಬೇರೆ ಎರಡು ಸಂಗತಿ. ಒಂದು, ಎರಡೂ ಗುಂಪಿನಲ್ಲಿ ಇಪ್ಪತ್ತು ಕಿಲೋಗಿಂತ ಜಾಸ್ತಿ ಇಳಿದವರೂ ಇದ್ದರು, ತೂಕ ಏರಿಸಿಕೊಂಡವರೂ ಇದ್ದರು. ಇನ್ನೊಂದು, ಎರಡೂ ಗುಂಪಿಗೆ ಒಂದೇ ಬುದ್ಧಿಮಾತು ಹೇಳಿದ್ದರು: ತರಕಾರಿ ಚೆನ್ನಾಗಿ ತಿನ್ನಿ, ಸೇರಿಸಿದ ಸಕ್ಕರೆ ಮತ್ತು ನುಣ್ಣಗಿನ ಬಿಳಿ ಹಿಟ್ಟು ಆದಷ್ಟು ಬಿಡಿ, ಪೊಟ್ಟಣದ ತಿಂಡಿಗಿಂತ ಮನೆಯಡುಗೆ ಇರಲಿ. ಕ್ಯಾಲರಿ ಎಣಿಸಿ ಅಂತ ಯಾರಿಗೂ ಹೇಳಿರಲಿಲ್ಲ. ಆದರೂ ಎರಡೂ ಗುಂಪಿನವರು ತಿನ್ನುವುದು ಕಡಿಮೆ ಆಗಿತ್ತು.

ಅದು ಹೇಗೆ ಕಡಿಮೆ ಆಯಿತು ಅನ್ನುವುದು ನನ್ನ ಪಾಲಿಗೆ ಇಡೀ ವಿಷಯದ ಜೀವಾಳ. ಕಾರ್ಬ್ ಬಿಟ್ಟೆ ಅನ್ನುವವರು ಏನೇನು ಬಿಟ್ಟಿರುತ್ತಾರೆ ನೋಡಿ. ಬಿಸ್ಕತ್ತು, ಕೇಕು, ಐಸ್‌ಕ್ರೀಮ್, ಚಿಪ್ಸ್, ಸಿಹಿ ಪಾನೀಯ. ಇವುಗಳಲ್ಲಿ ಕಾರ್ಬ್ ಇದೆ ನಿಜ. ಆದರೆ ಕೇಕು, ಚಿಪ್ಸಿನಂಥವುಗಳಲ್ಲಿ ಅದರ ಜೊತೆಗೆ ಬೇಕಾದಷ್ಟು ಕೊಬ್ಬೂ ಇದೆ. ಎಲ್ಲವೂ ಸಲೀಸಾಗಿ ಒಳಗೆ ಇಳಿಯುವಂಥವು, ಹೊಟ್ಟೆ ತುಂಬಿತು ಅನ್ನಿಸುವಷ್ಟರಲ್ಲಿ ಪೊಟ್ಟಣ ಮುಗಿದಿರುತ್ತದೆ. ಕೆವಿನ್ ಹಾಲ್ ಅವರದ್ದೇ 2019ರ ಇನ್ನೊಂದು ಪ್ರಯೋಗ ಇದನ್ನು ಚೆನ್ನಾಗಿ ತೋರಿಸಿತು. 20 ಜನರಿಗೆ ಎರಡು ವಾರ ಕಾರ್ಖಾನೆಯಲ್ಲಿ ತಯಾರಾದ ತಿನಿಸು, ಎರಡು ವಾರ ಸಾದಾ ಅಡುಗೆ. ಮುಂದಿಟ್ಟ ಊಟದಲ್ಲಿ ಕಾರ್ಬ್, ಸಕ್ಕರೆ, ಕೊಬ್ಬು, ನಾರು ಎಲ್ಲ ಸರಿಸಮ. ಬೇಕಾದಷ್ಟು ತಿನ್ನಿ ಅಂದರು. ಕಾರ್ಖಾನೆ ತಿನಿಸು ಇದ್ದಾಗ ಜನ ದಿನಕ್ಕೆ ಸುಮಾರು 500 ಕ್ಯಾಲರಿ ಜಾಸ್ತಿ ತಿಂದರು, ಎರಡೇ ವಾರದಲ್ಲಿ ಸುಮಾರು 0.9 ಕಿಲೋ ಏರಿದರು. ಸಾದಾ ಅಡುಗೆಯಲ್ಲಿ ಅಷ್ಟೇ ಇಳಿದರು.

ಆಲೂಗಡ್ಡೆಯನ್ನೇ ತಗೊಳ್ಳಿ. ಪಾಪ, ಕಾರ್ಬ್ ಅಂದ ಕೂಡಲೇ ಮೊದಲ ಆರೋಪಿ ಅದೇ. ಬೇಯಿಸಿದ 100 ಗ್ರಾಂ ಆಲೂಗಡ್ಡೆಯಲ್ಲಿ 20 ಗ್ರಾಂ ಕಾರ್ಬ್, ಸುಮಾರು 85 ಕ್ಯಾಲರಿ. ಅದನ್ನೇ ತೆಳ್ಳಗೆ ಹೆಚ್ಚಿ, ಎಣ್ಣೆಯಲ್ಲಿ ಕರಿದು, ಉಪ್ಪು ಹಾಕಿ ಪೊಟ್ಟಣ ಮಾಡಿದರೆ 100 ಗ್ರಾಂ ಚಿಪ್ಸಿಗೆ 500 ಕ್ಯಾಲರಿ ದಾಟುತ್ತದೆ. 1995ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಸುಸಾನಾ ಹೋಲ್ಟ್ ಮತ್ತು ಜೊತೆಗಾರರು 38 ತಿನಿಸುಗಳನ್ನು ಒಂದೇ ಕ್ಯಾಲರಿ ಬರುವಂತೆ ಅಳೆದು ಕೊಟ್ಟು, ಎರಡು ಗಂಟೆ ಹೊಟ್ಟೆ ಎಷ್ಟು ತುಂಬಿದಂತಿದೆ ಅಂತ ಕೇಳುತ್ತಾ ಹೋದರು. ಬಿಳಿ ಬ್ರೆಡ್ಡಿಗೆ 100 ಅಂಕ ಅಂತ ಇಟ್ಟುಕೊಂಡರೆ ಬೇಯಿಸಿದ ಆಲೂಗಡ್ಡೆಗೆ 323 ಬಂತು. ಪಟ್ಟಿಯಲ್ಲಿ ಅದೇ ಮೊದಲು. ಬೆಣ್ಣೆ ತುಂಬಿದ ಕ್ರೋಸಾಂಟ್ ಅನ್ನುವ ಬೇಕರಿ ತಿನಿಸು 47 ಪಡೆದು ಕೊನೆಯಲ್ಲಿತ್ತು. ಹಾಗಾಗಿ ಯಾರಾದರೂ "ಆಲೂಗಡ್ಡೆ ಬಿಟ್ಟೆ" ಅಂದರೆ, ಯಾವ ಆಲೂಗಡ್ಡೆ ಅಂತ ಕೇಳಲೇಬೇಕಾಗುತ್ತದೆ ಅಲ್ವಾ?

ಬಿಟ್ಟ ಜಾಗಕ್ಕೆ ಬಂದದ್ದರ ಕಥೆ ಇನ್ನೂ ಮುಖ್ಯ. ಒಬ್ಬರು ಅನ್ನ ಪೂರ್ತಿ ಬಿಟ್ಟಿದ್ದರು. ಮೊದಲು ಇಳಿದ ತೂಕ ಆಮೇಲೆ ಅಲ್ಲಾಡದೆ ನಿಂತಿತ್ತು. ಊಟದ ಡೈರಿ ತಂದಿದ್ದರು, ಪ್ರಾಮಾಣಿಕವಾಗಿ ಬರೆದ ಡೈರಿ. ಮಧ್ಯಾಹ್ನದ ಸಾಲಿನಲ್ಲಿ ಅನ್ನದ ಬದಲು "ಬಾದಾಮಿ, ಒಂದು ಹಿಡಿ" ಅಂತ ಇತ್ತು. ಆ ಹಿಡಿಯನ್ನು ತೂಕ ಮಾಡಿಸಿದೆ. 60 ಗ್ರಾಂ ಬಂತು. ಅಂದರೆ ಸುಮಾರು 350 ಕ್ಯಾಲರಿ. ಅವರು ಬಿಟ್ಟಿದ್ದ ಅನ್ನ 150 ಗ್ರಾಂ, ಸುಮಾರು 195 ಕ್ಯಾಲರಿ. ಸಂಜೆಗೆ ಚೀಸ್ ಬಂದಿತ್ತು. ಕಾರ್ಬ್ ಇಲ್ಲವಲ್ಲ, ಕೊಬ್ಬು ಪರವಾಗಿಲ್ಲ ಅಂತ ಅಡುಗೆಗೆ ಇನ್ನೊಂದು ದೊಡ್ಡ ಚಮಚ ಎಣ್ಣೆ ಬೀಳುತ್ತಿತ್ತು, ಅದು 120 ಕ್ಯಾಲರಿ. ಒಂದು ಗ್ರಾಂ ಕಾರ್ಬಿಗೆ 4 ಕ್ಯಾಲರಿ, ಒಂದು ಗ್ರಾಂ ಕೊಬ್ಬಿಗೆ 9. ಅವರ ಶ್ರಮ ಎಲ್ಲಿ ಸೋರಿ ಹೋಗುತ್ತಿತ್ತು ಅಂತ ಆ ಒಂದು ಪುಟವೇ ಹೇಳುತ್ತಿತ್ತು. ಬಾದಾಮಿ ಒಳ್ಳೆಯದೇ. ಅದನ್ನು 20 ಗ್ರಾಮಿಗೆ ಇಳಿಸಿ, ಒಂದು ಬಟ್ಟಲು ಬೇಯಿಸಿದ ಕಾಳು, ಜೊತೆಗೆ ಸ್ವಲ್ಪ ಅನ್ನ ವಾಪಸ್ ಇಟ್ಟೆವು. ಅನ್ನ ವಾಪಸ್ ಬಂದದ್ದಕ್ಕೆ ಅವರ ಮುಖದಲ್ಲಿ ಕಂಡ ನಿರಾಳ ನನಗೆ ಮುಖ್ಯ. ಇಷ್ಟದ ಊಟ ಶತ್ರು ಅಂದುಕೊಂಡು ಯಾರೂ ವರ್ಷಗಟ್ಟಲೆ ಬದುಕಲಾರರು.

ಹಾಗಂತ ಕಡಿಮೆ ಕಾರ್ಬ್ ಸುಮ್ನೆ ಒಂದು ಗೀಳು ಅಂತ ತಳ್ಳಿಹಾಕಲು ನಾನು ತಯಾರಿಲ್ಲ. ಕೆಲವರಿಗೆ ಕಾರ್ಬ್ ಇಳಿಸಿ ಪ್ರೋಟೀನ್ ಏರಿಸಿದ ಕೂಡಲೇ ಹಸಿವು ಹತೋಟಿಗೆ ಬರುತ್ತದೆ. ದಿನವಿಡೀ ತಿಂಡಿಯ ಯೋಚನೆ ಇದ್ದವರು ಎರಡು ಊಟದ ನಡುವೆ ಏನೂ ಬೇಡ ಅನ್ನುತ್ತಾರೆ. ರಕ್ತದಲ್ಲಿ ಟ್ರೈಗ್ಲಿಸರೈಡ್ ಅನ್ನುವ ಕೊಬ್ಬು ಜಾಸ್ತಿ ಇದ್ದವರಲ್ಲಿ ಅದು ಚೆನ್ನಾಗಿ ಇಳಿಯುತ್ತದೆ. ಟೈಪ್ 2 ಮಧುಮೇಹ ಇರುವವರಲ್ಲಿ ಮೊದಲ ಆರು ತಿಂಗಳು ಸಕ್ಕರೆ ಮಟ್ಟ ಬೇರೆ ಡಯಟ್‌ಗಳಿಗಿಂತ ಚೆನ್ನಾಗಿ ಹತೋಟಿಗೆ ಬರುತ್ತದೆ, ವರ್ಷ ಕಳೆಯುವ ಹೊತ್ತಿಗೆ ಆ ಅಂತರ ಕಡಿಮೆ ಆಗುತ್ತದೆ.

ಆದರೆ ಮಧುಮೇಹದಲ್ಲೂ ತೂಕದ ಪಾತ್ರ ಎಷ್ಟು ದೊಡ್ಡದು ಅನ್ನುವುದಕ್ಕೆ ಬ್ರಿಟನ್ನಿನ ಡೈರೆಕ್ಟ್ (DiRECT) ಅನ್ನುವ ಹೆಸರಿನ ಪ್ರಯೋಗ ನೋಡಬೇಕು. ದಿನಕ್ಕೆ 825ರಿಂದ 853 ಕ್ಯಾಲರಿಯ ದ್ರವ ಆಹಾರ, ವೈದ್ಯರ ನಿಗಾದಲ್ಲಿ, ಮೂರರಿಂದ ಐದು ತಿಂಗಳು. ವರ್ಷದ ಕೊನೆಗೆ 46% ಜನ ಮಾತ್ರೆ ಇಲ್ಲದೆ ಮಧುಮೇಹದ ಮಟ್ಟದಿಂದ ಕೆಳಗೆ ಬಂದಿದ್ದರು. 15 ಕಿಲೋ ಅಥವಾ ಅದಕ್ಕಿಂತ ಜಾಸ್ತಿ ಇಳಿದವರಲ್ಲಿ ಈ ಪ್ರಮಾಣ 86%. ಆ ದ್ರವ ಆಹಾರದ ಕ್ಯಾಲರಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಕಾರ್ಬಿನದ್ದೇ! ಇದನ್ನು ಮನೆಯಲ್ಲಿ ಸ್ವಂತವಾಗಿ ಮಾಡಲು ಹೋಗಬೇಡಿ.

ಕಾರ್ಬ್ ಕಡಿಮೆ ಮಾಡಿಯೇ ನೋಡುತ್ತೇನೆ ಅನ್ನುವವರಿಗೆ ನಾನು ಹಾಕಿಕೊಡುವ ಕ್ರಮ ಹೀಗಿದೆ. ಮೊದಲು ಕುಡಿಯುವ ಸಕ್ಕರೆ ನಿಲ್ಲಿಸಿ. 330 ಮಿಲಿಯ ಒಂದು ಕ್ಯಾನ್ ಸಿಹಿ ಪಾನೀಯದಲ್ಲಿ ಸುಮಾರು 35 ಗ್ರಾಂ ಸಕ್ಕರೆ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಸೇರಿಸಿದ ಸಕ್ಕರೆಯನ್ನು ಒಟ್ಟು ಕ್ಯಾಲರಿಯ 10%ಗಿಂತ ಕೆಳಗೆ, ಸಾಧ್ಯವಾದರೆ 5%ಗಿಂತ ಕೆಳಗೆ ಇಡಲು ಹೇಳುತ್ತದೆ. 2000 ಕ್ಯಾಲರಿ ತಿನ್ನುವವರಿಗೆ 5% ಅಂದರೆ 25 ಗ್ರಾಂ. ಒಂದೇ ಕ್ಯಾನಿಗೆ ಅದು ದಾಟಿತು. ಹಣ್ಣಿನ ರಸವೂ ಈ ಲೆಕ್ಕಕ್ಕೇ ಸೇರುತ್ತದೆ, ಇಡೀ ಹಣ್ಣು ಸೇರುವುದಿಲ್ಲ. ಆಮೇಲೆ ಬಿಸ್ಕತ್ತು, ಮೈದಾ ತಿಂಡಿ. ಈ ಎರಡು ಹೆಜ್ಜೆಗೇ ಎಷ್ಟೋ ಜನರ ತೂಕ ಇಳಿಯಲು ಶುರುವಾಗುತ್ತದೆ, ಅಕ್ಕಿ ಗೋಧಿಯ ತಂಟೆಗೆ ಹೋಗುವ ಅಗತ್ಯವೇ ಬರುವುದಿಲ್ಲ. ಬಂದರೆ ಧಾನ್ಯವನ್ನು ಮೂರನೇ ಒಂದು ಪಾಲು ಕಡಿಮೆ ಮಾಡಿ, ಆ ಜಾಗಕ್ಕೆ ತರಕಾರಿ, ಕಾಳು, ಮೊಟ್ಟೆ ಅಥವಾ ಮೀನು ತನ್ನಿ. ಕಿಡ್ನಿ ಸರಿ ಇದ್ದವರಿಗೆ ದೇಹದ ಪ್ರತಿ ಕಿಲೋ ತೂಕಕ್ಕೆ 1.2 ಗ್ರಾಂ ಆಸುಪಾಸು ಪ್ರೋಟೀನ್ ಇರಲಿ ಅನ್ನುತ್ತೇನೆ, ಸ್ನಾಯು ಉಳಿಯಬೇಕಲ್ಲ.

ಕಾಳಿನಲ್ಲೂ ಕಾರ್ಬ್ ಇದೆ ಅಂತ ಅದನ್ನೂ ಬಿಡುವವರನ್ನು ನೋಡಿದಾಗ ನಿಜಕ್ಕೂ ಬೇಸರ ಆಗುತ್ತದೆ. ಬೇಯಿಸಿದ 100 ಗ್ರಾಂ ಕಾಳಿನಲ್ಲಿ 20 ಗ್ರಾಂ ಕಾರ್ಬ್ ಇದ್ದರೂ ಅದರಲ್ಲಿ ಏಳೆಂಟು ಗ್ರಾಂ ನಾರೇ ಇರುತ್ತದೆ, ಜೊತೆಗೆ ಎಂಟೊಂಬತ್ತು ಗ್ರಾಂ ಪ್ರೋಟೀನ್. ದೊಡ್ಡವರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಬೇಕು. ಕಾಳು, ಹಣ್ಣು, ಧಾನ್ಯ ಮೂರನ್ನೂ ಬಿಟ್ಟವರು ಮಲಬದ್ಧತೆಗೆ ಮಾತ್ರೆ ನುಂಗುತ್ತಾ ಬರುತ್ತಾರೆ.

ಕಾರ್ಬನ್ನು ದಿನಕ್ಕೆ 20ರಿಂದ 50 ಗ್ರಾಮಿಗೆ ಇಳಿಸಿ ಹೆಚ್ಚಾಗಿ ಕೊಬ್ಬನ್ನೇ ತಿನ್ನುವ ಕೀಟೋ ಡಯಟ್ ಬೇರೆ ಲೆಕ್ಕ. ಅದು 1920ರ ದಶಕದಲ್ಲಿ ಮೂರ್ಛೆರೋಗದ ಚಿಕಿತ್ಸೆಯಾಗಿ ಶುರುವಾದದ್ದು, ಇವತ್ತಿಗೂ ಔಷಧಿಗೆ ಬಗ್ಗದ ಮೂರ್ಛೆರೋಗಕ್ಕೆ ಆಸ್ಪತ್ರೆಗಳಲ್ಲಿ ಬಳಸುತ್ತಾರೆ. ಚಿಕಿತ್ಸೆಗೆ ಇರುವ ಎಚ್ಚರ ಇದಕ್ಕೂ ಇರಬೇಕು. ಗರ್ಭಿಣಿಯರು, ಎದೆಹಾಲು ಕುಡಿಸುವ ತಾಯಂದಿರು, ಟೈಪ್ 1 ಮಧುಮೇಹ ಇರುವವರು, ಊಟದ ವಿಷಯದಲ್ಲಿ ಅತಿಯಾದ ಭಯ ಅಥವಾ ಹೊಟ್ಟೆಬಾಕತನದ ಕಾಯಿಲೆ ಅನುಭವಿಸಿದವರು ಸ್ವಂತ ನಿರ್ಧಾರದಿಂದ ಇದಕ್ಕೆ ಇಳಿಯಬಾರದು.

ಔಷಧಿ ತೆಗೆದುಕೊಳ್ಳುವವರಿಗೆ ಒತ್ತಿ ಹೇಳಬೇಕು. ಇನ್ಸುಲಿನ್ ಅಥವಾ ರಕ್ತದ ಸಕ್ಕರೆ ಇಳಿಸುವ ಗ್ಲಿಮಿಪಿರೈಡ್‌ನಂಥ ಮಾತ್ರೆ ಹಾಗೇ ಇಟ್ಟುಕೊಂಡು ಕಾರ್ಬ್ ಮಾತ್ರ ಇಳಿಸಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಗುಂಪಿನ ಮಧುಮೇಹದ ಮಾತ್ರೆ ತೆಗೆದುಕೊಳ್ಳುವವರು ಕಾರ್ಬ್ ತೀರಾ ಕಡಿಮೆ ಮಾಡಿದರೆ ಕೀಟೋಆಸಿಡೋಸಿಸ್ (ರಕ್ತದಲ್ಲಿ ಆಮ್ಲ ಅಪಾಯದ ಮಟ್ಟಕ್ಕೆ ಏರುವುದು) ಆಗುವ ಸಾಧ್ಯತೆ ಏರುತ್ತದೆ, ಅದೂ ರಕ್ತದ ಸಕ್ಕರೆ ಅಷ್ಟೇನೂ ಜಾಸ್ತಿ ಕಾಣಿಸದೆಯೇ. ವಾಂತಿ, ಹೊಟ್ಟೆನೋವು, ಜೋರು ಉಸಿರಾಟ ಬಂದರೆ ಮೀಟರ್ ನೋಡಿ ಸಮಾಧಾನ ಮಾಡಿಕೊಳ್ಳದೆ ಆಸ್ಪತ್ರೆಗೆ ಹೋಗಬೇಕು. ಬಿಪಿ ಮಾತ್ರೆಯ ಡೋಸ್ ಕೂಡ ಕೆಲವರಿಗೆ ಇಳಿಸಬೇಕಾಗುತ್ತದೆ. ಕಾರ್ಬ್ ಬಹಳ ಇಳಿಸಿ ಬೆಣ್ಣೆ, ಕೊಬ್ಬಿನ ಮಾಂಸ ಏರಿಸಿದ ಕೆಲವರಲ್ಲಿ ಎಲ್‌ಡಿಎಲ್ ಅನ್ನುವ ಕೆಟ್ಟ ಕೊಲೆಸ್ಟರಾಲ್ ತುಂಬಾ ಏರುತ್ತದೆ, ತೂಕ ಇಳಿಯುತ್ತಿದ್ದರೂ ಕೂಡ. ಹೊರಗಿನಿಂದ ನೋಡಿದರೆ ಇದು ಗೊತ್ತಾಗುವುದಿಲ್ಲ. ಶುರು ಮಾಡುವ ಮುಂಚೆ ರಕ್ತದ ಕೊಬ್ಬು ತೋರಿಸುವ ಒಂದು ಲಿಪಿಡ್ ಪರೀಕ್ಷೆ, ಮೂರು ತಿಂಗಳಾದ ಮೇಲೆ ಇನ್ನೊಂದು ಮಾಡಿಸಿ, ಎರಡೂ ರಿಪೋರ್ಟನ್ನು ನಿಮ್ಮ ವೈದ್ಯರಿಗೆ ಒಟ್ಟಿಗೆ ತೋರಿಸಿ.