ಸೊಟ್ಟಗಾದರೂ ನಿಂತೇ ಇರುವ ಮನೆ

ಹಳೆಯ ಮರದ ಮನೆ ತೋರಿಸಲು ಕರೆದವರು ಮೊದಲು ಕೇಳುವುದು ಒಂದೇ ಮಾತು: "ಸರ್, ಕಂಬ ವಾಲಿದೆ, ಮನೆ ಬೀಳುತ್ತಾ?" ನಾನು ತಕ್ಷಣ ಉತ್ತರ ಕೊಡುವುದಿಲ್ಲ. ಮಾಡಿನಿಂದ ಶುರು ಮಾಡಿ, ಭಾರ ಯಾವ ತೊಲೆಗೆ ಬಂತು, ಅಲ್ಲಿಂದ ಯಾವ ಕಂಬಕ್ಕೆ ಇಳಿಯಿತು ಅಂತ ನೋಡುತ್ತಾ ಕೆಳಗೆ ಬರುತ್ತೇನೆ. ಹೊಸದಾಗಿ ಈ ಕೆಲಸಕ್ಕೆ ಬಂದ ಹುಡುಗರಿಗೆ ಇದನ್ನು ಕಲಿಸಲು ನಾನು ಇಂಗ್ಲೆಂಡಿನ ಒಂದು ಮನೆಯ ನಕ್ಷೆ, ಫೋಟೋ ಹರಡುತ್ತೇನೆ. ಚೆಷೈರ್‌ನ ಲಿಟಲ್ ಮೋರ್ಟನ್ ಹಾಲ್.

ಸುತ್ತ ನೀರು ತುಂಬಿದ ಕಂದಕ. ನಡುವೆ ಕಪ್ಪು ಬಿಳುಪಿನ ಮನೆ. ಮೇಲಿನ ಅಂತಸ್ತುಗಳು ಕೆಳಗಿನವಕ್ಕಿಂತ ಮುಂದೆ ಚಾಚಿವೆ. ನೇರ ಗೆರೆ ಹುಡುಕಿದರೂ ಸಿಗುವುದು ಕಷ್ಟ. ವಿಲಿಯಂ ಮೋರ್ಟನ್ ಎಂಬ ಜಮೀನುದಾರ 1504ರ ಸುಮಾರಿಗೆ ಕಟ್ಟಲು ಶುರು ಮಾಡಿದ. ಮಕ್ಕಳು ಮೊಮ್ಮಕ್ಕಳು ಒಂದೊಂದು ಭಾಗ ಸೇರಿಸುತ್ತಾ ಹೋದರು. ಮುಗಿಯುವ ಹೊತ್ತಿಗೆ 1610 ಆಗಿತ್ತು. 1348ರ ಪ್ಲೇಗ್ ನಂತರ ಅಗ್ಗಕ್ಕೆ ಸಿಕ್ಕ ಜಮೀನು, ಆಮೇಲೆ ಕ್ರೈಸ್ತ ಮಠಗಳನ್ನು ಮುಚ್ಚಿದಾಗ ಮಾರಾಟಕ್ಕೆ ಬಂದ ಜಮೀನು, ಎರಡನ್ನೂ ಕೊಂಡು ಬೆಳೆದ ಮನೆತನ ಇದು.

ಇಲ್ಲಿ ಭಾರ ಹೊರುವುದು ಗೋಡೆಯಲ್ಲ, ಓಕ್ ಮರದ ಚೌಕಟ್ಟು. ಕಲ್ಲಿನ ಕಟ್ಟೆಯ ಮೇಲೆ ಚೌಕಟ್ಟು ನಿಲ್ಲಿಸಿ, ನಡುವಿನ ಜಾಗಕ್ಕೆ ಕಡ್ಡಿ ಹೆಣೆದು ಮಣ್ಣು ಮೆತ್ತುತ್ತಿದ್ದರು. ನಮ್ಮ ತಡಿಕೆ ಗೋಡೆ ಗೊತ್ತಲ್ವಾ, ಹೆಚ್ಚು ಕಡಿಮೆ ಅದೇ ಕೆಲಸ. ಅವರು ಓಕ್ ಮರವನ್ನು ಒಣಗಿಸಿ ಬಳಸುತ್ತಿರಲಿಲ್ಲ, ಹಸಿಯಾಗಿರುವಾಗಲೇ ಕೊರೆಯುತ್ತಿದ್ದರು. ಒಣಗಿದ ಓಕ್ ಉಳಿಗೆ ಬಗ್ಗುವುದಿಲ್ಲ, ಅಷ್ಟು ಗಟ್ಟಿ.

ಒಂದು ಜೋಡಣೆಯನ್ನು ಹತ್ತಿರದಿಂದ ನೋಡಿ. ಒಂದು ತೊಲೆಯ ತುದಿಯನ್ನು ನಾಲಗೆಯಂತೆ ಕಡಿದಿರುತ್ತಾರೆ. ಕಂಬದಲ್ಲಿ ಅದಕ್ಕೆ ತಕ್ಕ ಗೂಡು. ಕೂರಿಸಿದ ಮೇಲೆ ಎರಡನ್ನೂ ಹಾಯುವಂತೆ ಮರದ ಗೂಟ ಹೊಡೆಯಬೇಕು. ಚಳಕ ಇರುವುದು ಆ ಗೂಟದ ತೂತಿನಲ್ಲಿ. ನಾಲಗೆಯ ತೂತು ಕಂಬದ ತೂತಿಗೆ ಸರಿಯಾಗಿ ಎದುರಾಗುವುದಿಲ್ಲ, ಬೇಕಂತಲೇ ಒಂದು ಕೂದಲು ತೊಲೆಯ ಮೈ ಕಡೆಗೆ ಸರಿಸಿ ಕೊರೆದಿರುತ್ತಾರೆ. ಗೂಟ ಹೊಡೆದ ಹಾಗೆ ತೊಲೆ ಕಂಬಕ್ಕೆ ಎಳೆದುಕೊಂಡು ಬಿಗಿಯಾಗುತ್ತದೆ. ಮರ ಒಣಗಿ ಕುಗ್ಗಿದರೂ ಜೋಡಣೆ ಬಿಡುವುದಿಲ್ಲ. ಮನೆ ಬಾಗುತ್ತದೆ, ಆದರೆ ಕಳಚಿಕೊಳ್ಳುವುದಿಲ್ಲ.

ಈ ಮನೆ ಬಾಗಿದ್ದಕ್ಕೆ ಕಾರಣ ಮೇಲಿದೆ. 1560ರ ದಶಕದಲ್ಲಿ ದಕ್ಷಿಣದ ಸಾಲು ಕಟ್ಟಿದಾಗ ಎಲ್ಲಕ್ಕಿಂತ ಮೇಲೆ ಉದ್ದನೆಯ ಗ್ಯಾಲರಿಯೊಂದನ್ನು ಕೂರಿಸಿದರು. 68 ಅಡಿ ಉದ್ದ, ಗೋಡೆ ತುಂಬ ಕಿಟಕಿ. ಮಳೆ ಚಳಿಯಲ್ಲಿ ಮನೆಯವರು ಅಲ್ಲೇ ಓಡಾಡಿ ಆಡುತ್ತಿದ್ದರು. ಹಲಗೆಯ ಹಿಂದೆ 17ನೇ ಶತಮಾನದ ನಾಲ್ಕು ಟೆನಿಸ್ ಚೆಂಡು ಸಿಕ್ಕಿವೆ. ನನಗೆ ತುಂಬ ಇಷ್ಟವಾದ ವಿಷಯ ಇದು. ಆದರೆ ಗ್ಯಾಲರಿಯ ಮಾಡಿಗೆ ಹೊದಿಸಿದ್ದು ದಪ್ಪ ಕಲ್ಲು ಚಪ್ಪಡಿ. ಆ ತೂಕಕ್ಕೆ ಕೆಳಗಿನ ಅಂತಸ್ತುಗಳು ಸೊಟ್ಟಗಾದವು. ಮಲೆನಾಡಿನಲ್ಲಿ ಹಳೆಯ ಮರದ ಮನೆ ಮೇಲೆ ಕಾಂಕ್ರೀಟ್ ರೂಮು ಎತ್ತುತ್ತೇವೆ ಅನ್ನುವವರಿಗೆ ನಾನು ಈ ಫೋಟೋವನ್ನೇ ತೋರಿಸುವುದು.

ಅಂಗಳದ ಕಡೆ ಎರಡು ದೊಡ್ಡ ಕಿಟಕಿಗಳು ಮುಂದಕ್ಕೆ ಚಾಚಿವೆ. ಎಷ್ಟು ಹತ್ತಿರ ಅಂದರೆ ಅವುಗಳ ಮಾಡುಗಳು ಒಂದಕ್ಕೊಂದು ತಾಗುತ್ತವೆ. ದೊಡ್ಡ ಗಾಜು ಸಿಗದ ಕಾಲ ಅದು. ಚಿಕ್ಕ ಚಿಕ್ಕ ಗಾಜಿನ ಚೂರುಗಳನ್ನು ಸೀಸದ ಪಟ್ಟಿಯಲ್ಲಿ ಜೋಡಿಸಿದ್ದಾರೆ. ಸೀಸ ಮೆತ್ತಗಿರುವುದರಿಂದ ಚೌಕಟ್ಟು ಅಲ್ಪಸ್ವಲ್ಪ ಅಲುಗಿದರೂ ಗಾಜು ತಡೆದುಕೊಳ್ಳುತ್ತದೆ. ಕಿಟಕಿಯ ಮೇಲೆ 1559ರ ಬರಹವಿದೆ. ಮಾಡಿಸಿದ ವಿಲಿಯಂ ಮೋರ್ಟನ್ (ಮೊದಲಿನವನ ಮಗ, ಹೆಸರು ಅದೇ) ಹೆಸರಿನ ಜೊತೆಗೇ, ದೇವರ ದಯೆಯಿಂದ ಈ ಕಿಟಕಿಗಳನ್ನು ಮಾಡಿದವನು ಬಡಗಿ ರಿಚರ್ಡ್ ಡೇಲ್ ಅಂತಲೂ ಇದೆ. ಒಡೆಯನ ಪಕ್ಕದಲ್ಲಿ ಬಡಗಿಯ ಹೆಸರು! ನಾನು ಕೆಲಸ ಮಾಡಿದ ಎಷ್ಟೋ ಮನೆಗಳಲ್ಲಿ ಆ ಸೊಗಸಾದ ಕಂಬ ಕೆತ್ತಿದವರು ಯಾರೆಂದು ಹೇಳುವವರೇ ಇಲ್ಲ. ಅದು ನೋವಿನ ವಿಷಯ.

ಇಷ್ಟು ಹಳೆಯ ರೂಪದಲ್ಲಿ ಮನೆ ಉಳಿಯಲು ಬಡತನವೂ ಕಾರಣ. ಇಂಗ್ಲೆಂಡಿನಲ್ಲಿ ರಾಜನಿಗೂ ಪಾರ್ಲಿಮೆಂಟಿಗೂ ನಡೆದ ಅಂತರ್ಯುದ್ಧದಲ್ಲಿ ಮೋರ್ಟನ್ನರು ರಾಜನ ಪಕ್ಷ ಹಿಡಿದರು. 1643ರಲ್ಲಿ ಪಾರ್ಲಿಮೆಂಟಿನ ಕಡೆಯವರು ಆಸ್ತಿ ಮುಟ್ಟುಗೋಲು ಹಾಕಿಕೊಂಡರು. ಸಾಲ ಬೆಳೆಯಿತು. ಕೊನೆಗೆ ಮನೆಯನ್ನು ರೈತರಿಗೆ ಬಾಡಿಗೆಗೆ ಬಿಟ್ಟರು. ಕೆಡವಿ ಹೊಸ ಫ್ಯಾಷನ್ನಿನಲ್ಲಿ ಕಟ್ಟಲು ಅವರ ಕೈಯಲ್ಲಿ ದುಡ್ಡಿರಲಿಲ್ಲ.

1892ರಲ್ಲಿ ಮನೆ ಎಲಿಜಬೆತ್ ಮೋರ್ಟನ್ ಎಂಬ ಸನ್ಯಾಸಿನಿಯ ಪಾಲಿಗೆ ಬಂದಾಗ ಅದು ಪಾಳು ಬೀಳುವ ಹಂತದಲ್ಲಿತ್ತು. ಗ್ಯಾಲರಿಯಲ್ಲಿ ಉಕ್ಕಿನ ಸಲಾಕೆ ಹಾಕಿ ಬಿಗಿ ಮಾಡಿಸಿದ್ದು ಬಹುಶಃ ಇವರೇ. ಯಾವತ್ತೂ ಮಾರಬಾರದು ಎಂಬ ಷರತ್ತು ಹಾಕಿ ಸೋದರ ಸಂಬಂಧಿಯೊಬ್ಬರಿಗೆ ಮನೆ ಬಿಟ್ಟುಹೋದರು. 1938ರಲ್ಲಿ ಅದು ಹಳೆಯ ಕಟ್ಟಡಗಳನ್ನು ಕಾಪಾಡುವ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್‌ಗೆ ಸೇರಿತು.

ಆ ಸಲಾಕೆಗಳು ಮನೆಯನ್ನು ನೆಟ್ಟಗೆ ಮಾಡಲಿಲ್ಲ, ಇನ್ನೂ ಬಾಗದಂತೆ ಹಿಡಿದವು. ನಾವೂ ಹಾಗೇ ಮಾಡುತ್ತೇವೆ. ಶತಮಾನಗಳ ಹಿಂದೆ ಬಾಗಿದ ತೊಲೆಯನ್ನು ಜ್ಯಾಕ್ ಇಟ್ಟು ಎತ್ತಲು ಹೋದರೆ, ಅದರ ಬಾಗಿಗೆ ಹೊಂದಿಕೊಂಡ ಜೋಡಣೆಗಳು ಸೀಳುತ್ತವೆ. ಅದಕ್ಕೇ ಮೊದಲು ಗಾಜಿನ ಒಂದು ಚೂರನ್ನು ಬಿರುಕಿಗೆ ಅಡ್ಡಲಾಗಿ ಅಂಟಿಸಿ, ದಿನಾಂಕ ಬರೆದು, ಒಂದು ಮಳೆಗಾಲ ಕಾಯುತ್ತೇನೆ. ಗಾಜು ಒಡೆಯದಿದ್ದರೆ ಕಂಬವನ್ನು ಮುಟ್ಟುವುದಿಲ್ಲ.